ಕುರುಗೋಡಿನ ಬಣ್ಣ

ಸೀಗೆಪುಡಿ ಹಾಕಿ ಎರಡನೆಯ ಸಲ ಉಜ್ಜುವಷ್ಟರಲ್ಲಿ ಅತ್ತೆಯ ತೋಳು ಬಣ್ಣ ಬಿಟ್ಟಿತು. ಕೊಟ್ರಮ್ಮ ಗಕ್ಕನೆ ಕೈ ಹಿಂದಕ್ಕೆಳೆದುಕೊಂಡಳು. ಅಂಗೈ ತುಂಬ ಕಂದು ನೊರೆ. ಹಂಡೆಯಿಂದ ಒಂದು ಚೊಂಬು ಬಿಸಿನೀರು ತೆಗೆದು ಹೊಯ್ದಳು. ನೀರು ಹರಿದ ಕಡೆಯಲ್ಲೆಲ್ಲ ತೋಳು ಬೆಳ್ಳಗಾಗುತ್ತ ಹೋಯಿತು. ಮೊಳಕೈಯಿಂದ ಬೆರಳಿನವರೆಗೆ ಹಚ್ಚೆಯ ಬಳ್ಳಿ, ಚೇಳು, ನವಿಲು, ತೊಟ್ಟಿಲು ಹಸಿರಾಗಿ ಹಾಗೆಯೇ ಉಳಿದವು. ಅವುಗಳ ಸುತ್ತಲಿನ ಚರ್ಮಕ್ಕೆ ಮಾತ್ರ ಬಣ್ಣವೇ ಇರಲಿಲ್ಲ.

ಅದು ತೊನ್ನು. ನೋಡಿದ ಯಾರಿಗಾದರೂ ತಿಳಿಯುವಂಥದ್ದು.

ಸತ್ಯಮ್ಮ ಸತ್ತದ್ದು ಆಷಾಢದ ಅಮಾವಾಸ್ಯೆಯ ಬೆಳಗಿನ ಜಾವ. ಮೈ ಸೆಟೆಯುವ ಮೊದಲೇ ಕಾಲು ಮಡಿಸಿ ಕೂಡಿಸಿ, ಹಿತ್ತಲಿನ ಬಚ್ಚಲುಗಲ್ಲಿನ ಮೇಲೆ ಗೋಡೆಗೆ ಒರಗಿಸಿ, ಬೀಳದ ಹಾಗೆ ಎದೆಗೊಂದು ಪಂಚೆ ಬಿಗಿದು ಗೂಟಕ್ಕೆ ಕಟ್ಟಿದ್ದರು. ಮರೆಗೆ ಎರಡು ಕಂಬಳಿ ಇಳಿಬಿಟ್ಟಿದ್ದರು. ಮುಂದಿನ ಅಂಗಳದಲ್ಲಿ ಗಂಡಸರು ಬಿದಿರು ಸೀಳಿ, ಹೆಣವನ್ನು ಕೂಡಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

ಕೊಟ್ರಮ್ಮ ಸೀರೆ ಸರಿಸಿ ಅತ್ತೆಯ ಬೆನ್ನು ನೋಡಿದಳು. ಅಲ್ಲಿ ಹಚ್ಚೆಯೂ ಇರಲಿಲ್ಲ, ಹಚ್ಚಿದ ಬಣ್ಣವೂ ಇರಲಿಲ್ಲ. ಹೆಗಲಿನಿಂದ ಸೊಂಟದವರೆಗೆ ಒಂದೇ ಬಿಳುಪು. ನಡುವೆ ಎಲ್ಲೋ ಅಂಗೈಯಗಲ ಸತ್ಯಮ್ಮನ ನಿಜವಾದ ಮೈಬಣ್ಣ ಉಳಿದಿತ್ತು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕೂತ ಸೊಸೆಗೆ ಈ ಬೆನ್ನು ಕಂಡದ್ದು ಇವತ್ತೇ ಮೊದಲು. ಹಬ್ಬದ ದಿನ ಕೂಡ ಬೆನ್ನು ತಿಕ್ಕಲು ಬಿಟ್ಟವಳಲ್ಲ. "ನನ್ನ ಕೈಯಾಗೇನು ಮುಳ್ಳು ಅದಾವೇನ್ರಿ?" ಎಂದು ಕೊಟ್ರಮ್ಮ ಗಂಡನ ಹತ್ತಿರ ಎಷ್ಟು ಸಲ ಕಣ್ಣೀರು ಹಾಕಿದ್ದಳೋ.

ಕಂಬಳಿಯ ಆಚೆ ನೆರೆಮನೆಯ ಗಂಗಕ್ಕನ ಬಳೆ ಸದ್ದಾಯಿತು.

"ಕೊಟ್ರವ್ವಾ, ನಾ ಒಳಗ ಬರ್ಲೇನ? ಒಬ್ಬಾಕಿನ ಹೆಂಗ ತೊಳೀತಿ?"

"ಬ್ಯಾಡಕ್ಕಾ. ನಾನ ತೊಳೀಬೇಕಂತ ಅತ್ತಿ ಹೇಳಿ ಹೋಗ್ಯಾಳ."

"ಹೇಳಿದಾಕಿ ಎದ್ದು ಬಂದು ನೋಡ್ತಾಳೇನ ಈಗ?" ಗಂಗಕ್ಕನ ಬಳೆ ಸದ್ದು ಬಚ್ಚಲ ಕಾಲುವೆಯ ಕಡೆಗೆ ಸರಿಯಿತು. "ಅಲ್ಲ, ಬಚ್ಚಲ ನೀರು ಯಾಕ ಕೆಂಪಗ ಹರ್ಯಾಕ ಹತ್ತೈತಿ?"

ಅರಿಷಿಣ ಎನ್ನಲು ಬಾಯಿ ತೆರೆದ ಕೊಟ್ರಮ್ಮ ತಡೆದಳು. ಗಂಡ ಸತ್ತವಳ ಮೈಗೆ ಅರಿಷಿಣ ಹಚ್ಚಿದಳಂತೆ ಎಂಬ ಮಾತು ಇನ್ನೊಂದು ಪುರಾಣವಾಗುತ್ತಿತ್ತು.

"ಕೆಮ್ಮಣ್ಣಕ್ಕಾ. ನಿನ್ನಿ ಒಲಿ ಸಾರ್ಸಿದ್ದೆ. ಕಾಲಿಗೆ ಹತ್ತಿತ್ತು."

"ಇಷ್ಟೊಂದ?"

"ನಮ್ಮ ಒಲಿ ದೊಡ್ಡದೈತಲ್ಲ."

ಗಂಗಕ್ಕ ಕೆಟ್ಟವಳಲ್ಲ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಷ್ಟೆ. ಅವಳ ಕಿವಿಗೆ ಬೆಳಿಗ್ಗೆ ಬಿದ್ದದ್ದು ಬಿಸಿಲೇರುವುದರೊಳಗೆ ಅಗಸೆಬಾಗಿಲು ದಾಟಿರುತ್ತಿತ್ತು. ಇದು ದಾಟಿದರೆ ಸತ್ಯಮ್ಮನಿಗೆ ಮಣ್ಣಿಲ್ಲ. ತೊನ್ನಿನವರನ್ನು ಹೂತರೆ ಮಳೆ ನಿಲ್ಲುತ್ತದೆ, ಆದ್ದರಿಂದ ಸುಡಬೇಕು ಎಂದು ಕುರುಗೋಡು ನಂಬಿತ್ತು. ಲಿಂಗ ಕಟ್ಟಿದವರಿಗೆ ಬೆಂಕಿ ಎಂದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಪಡುವಲ ಹೊಲದಲ್ಲಿ ಗಂಡ ದೊಡ್ಡಬಸಪ್ಪನ ಸಮಾಧಿಯ ಎಡಕ್ಕೆ ನಾಲ್ಕು ಕಲ್ಲು ನೆಡಿಸಿ, ಸತ್ಯಮ್ಮ ಹನ್ನೆರಡು ವರ್ಷದಿಂದ ಜಾಗ ಹಿಡಿದಿದ್ದಳು. ಸೋಮವಾರಕ್ಕೊಮ್ಮೆ ಹೋಗಿ ಗಂಡನಿಗೆ ಪತ್ರೆ ಏರಿಸಿ, ತನ್ನ ಜಾಗದ ಹುಲ್ಲು ಕಿತ್ತು ಬರುತ್ತಿದ್ದಳು. ಯಾರಾದರೂ ನಕ್ಕರೆ, "ನಮ್ಮ ಮನಿ ಕಸ ನಾವ ಹೊಡೀಬೇಕಲ್ಲ" ಎನ್ನುತ್ತಿದ್ದಳು.

ಕೊಟ್ರಮ್ಮ ಯಾರಿಗೆ ಹೇಳಬೇಕು? ಗಂಡನಿಗೆ ಹೇಳುವಂತಿರಲಿಲ್ಲ. ಹತ್ತು ದಿನದ ಹಿಂದೆ ಸಲಿಕೆ ಹಿಡಿದು ಊರಿನ ಮುಂದೆ ನಡೆದವನು ಅವಳ ಗಂಡ ಗಾದಿಲಿಂಗಪ್ಪನೇ.

*

ಮಾರೆಮ್ಮ ಎಂಬ ಮುದುಕಿ ಚಾವಡಿಯ ಕಸ ಹೊಡೆಯುತ್ತಿದ್ದಳು. ಅವಳ ತುಟಿಯಂಚು, ಬೆರಳ ತುದಿ ಬಿಳಿಯಾಗಿದ್ದುದು ಊರಿಗೆಲ್ಲ ಗೊತ್ತಿತ್ತು. ಚೈತ್ರದಲ್ಲಿ ಸತ್ತಾಗ ಮಕ್ಕಳು ಹಳ್ಳದ ದಂಡೆಯಲ್ಲಿ ಸದ್ದಿಲ್ಲದೆ ಹೂಳಿದರು, ಯಾರೂ ಕೇಳಲಿಲ್ಲ. ಆಷಾಢ ಬಂತು, ಮಳೆ ಬರಲಿಲ್ಲ. ಆಗ ಎಲ್ಲರಿಗೂ ಮಾರೆಮ್ಮ ನೆನಪಾದಳು. ಧಾತು, ಈಶ್ವರ ಸಂವತ್ಸರಗಳ ಬರ ಕಳೆದು ಹದಿನಾಲ್ಕು ವರ್ಷವಾಗಿದ್ದರೂ, ಅಂದು ಹೆಣ ಹೊರಲು ಆಳು ಸಿಗದಿದ್ದ ಹೆದರಿಕೆ ಊರಿನ ಮೈಯಿಂದ ಇಳಿದಿರಲಿಲ್ಲ. ಕುಣಿ ತೆಗೆಯಿರಿ ಎಂದು ಹಿರಿಯ ತಿಪ್ಪೇರುದ್ರಪ್ಪ ಚಾವಡಿಯಲ್ಲಿ ಕೂತು ಹೇಳಿದ. ತೆಗೆದರು, ಸುಟ್ಟರು. ಕುಣಿಯನ್ನು ಮಾತ್ರ ಮುಚ್ಚಲಿಲ್ಲ. ಮಳೆ ತಾನಾಗಿ ಬಂದು ತುಂಬುವವರೆಗೆ ಅದು ಬಾಯಿ ತೆರೆದೇ ಇರಬೇಕೆಂದು ತಿಪ್ಪೇರುದ್ರಪ್ಪನ ಕಟ್ಟಪ್ಪಣೆ.

ಅಂದು ಸಂಜೆ ಗಾದಿಲಿಂಗಪ್ಪ ಮಿಂದು ಬಂದು ಊಟಕ್ಕೆ ಕೂತಿದ್ದ. ಸತ್ಯಮ್ಮ ಎದುರಿಗಿದ್ದಳು.

"ಆಕಿ ಮಕ್ಕಳು ಏನಂದ್ರು?" ಎಂದಳು.

"ಏನಂತಾರವ್ವಾ? ಕಾಲು ಹಿಡ್ಕೊಂಡ್ರು. ಊರು ದೊಡ್ಡದೋ, ಆಕಿ ದೊಡ್ಡಾಕಿನೋ?"

"ಆಕಿ ಮಾರಿ ಕಾಣ್ತಿತ್ತೇನ?"

"ಉಣ್ಣೋ ಹೊತ್ನ್ಯಾಗ ಅದ್ಯಾಕವ್ವಾ?"

ಸತ್ಯಮ್ಮ ಮುಂದಿದ್ದ ಗಂಗಾಳವನ್ನು ಪಕ್ಕಕ್ಕೆ ಸರಿಸಿದಳು. ಮರುದಿನದಿಂದ ಗಂಜಿಗೆ ಇಳಿದಳು, ಆಮೇಲೆ ಬರೀ ನೀರಿಗೆ. ನಾಲ್ಕು ದಿನದ ಹಿಂದೆ ಸೊಸೆಯನ್ನು ಹತ್ತಿರ ಕರೆದು, "ನಾ ಸತ್ರ ನೀರು ಹಾಕೂದು ನೀ ಒಬ್ಬಾಕಿನ. ಗಂಗಿನ್ನ ಹತ್ತರ ಸೇರ್ಸಬ್ಯಾಡ" ಎಂದಳು. ಇಪ್ಪತ್ತು ವರ್ಷ ಮುಟ್ಟಗೊಡದವಳು ಈಗ ಇದನ್ನು ಕೇಳುತ್ತಾಳಲ್ಲ ಎಂದು ಕೊಟ್ರಮ್ಮನಿಗೆ ಒಳಗೊಳಗೇ ಸಿಟ್ಟು ಬಂದಿತ್ತು. ಆದರೂ ಹ್ಞೂಂ ಎಂದಿದ್ದಳು.

*

ಹಿತ್ತಲ ಬಾಗಿಲು ಸದ್ದು ಮಾಡಿತು. ಬಂದವಳು ಕುಬ್ರಾಬಿ, ಊರವರ ಬಾಯಲ್ಲಿ ಬೂಬಮ್ಮ.

ಕುಬ್ರಾಬಿ ಬಳ್ಳಾರಿಯಲ್ಲಿ ಗಿಡಮೂಲಿಕೆ ಮಾರುತ್ತಿದ್ದ ರಾಜೇಸಾಬನ ಹೆಂಡತಿ. ಅವನು ತೀರಿಕೊಂಡ ಮೇಲೆ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಪ್ರತಿ ಅಮಾವಾಸ್ಯೆಯ ಹಿಂದಿನ ದಿನ ಬಳ್ಳಾರಿ ಬಿಟ್ಟು, ಕೊಳಗಲ್ಲಿನ ತಂಗಿಯ ಮನೆಯಲ್ಲಿ ರಾತ್ರಿ ಕಳೆದು, ಬಜೆ, ಹಿಪ್ಪಲಿ, ಲೋಬಾನದ ಗಂಟು ಹೊತ್ತು ಕುರುಗೋಡಿಗೆ ಬರುತ್ತಿದ್ದಳು. ಬಂದರೆ ಮೊದಲು ಸತ್ಯಮ್ಮನ ಕೋಣೆ. ಇಬ್ಬರೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅತ್ತೆ ಅಫೀಮು ತಿನ್ನುತ್ತಾಳೆ ಎಂದು ಕೊಟ್ರಮ್ಮ ಎಷ್ಟೋ ವರ್ಷದಿಂದ ನಂಬಿದ್ದಳು.

ಗಂಗಕ್ಕ ಅಲ್ಲಿಯೇ ಸುದ್ದಿ ಹೇಳಿದಳು. ಕುಬ್ರಾಬಿ ಗಂಟನ್ನು ನೆಲಕ್ಕಿಟ್ಟು ಕುಕ್ಕರಗಾಲಿನಲ್ಲಿ ಕೂತಳು. ಆಮೇಲೆ ತಟ್ಟನೆ ತಲೆಯೆತ್ತಿ, "ಯಾರು ತೊಳ್ಯಾಕ ಹತ್ಯಾರ?" ಎಂದವಳು ಉತ್ತರಕ್ಕೂ ಕಾಯದೆ ಕಂಬಳಿ ಸರಿಸಿ ಒಳಗೆ ಬಂದಳು. ಕೊಟ್ರಮ್ಮ ಸೆರಗು ಎಳೆದು ಅತ್ತೆಯ ತೋಳು ಮುಚ್ಚಲು ಹೋದಳು.

"ಮುಚ್ಚಬ್ಯಾಡ ತಂಗಿ," ಎಂದು ಕುಬ್ರಾಬಿ ಪಿಸುಗುಟ್ಟಿದಳು. "ಮೂವತ್ತೈದು ವರ್ಷದಿಂದ ನೋಡೀನಿ ನಾ ಇದನ್ನ."

ಕೊಟ್ರಮ್ಮನಿಗೆ ಧೈರ್ಯ ಬಂತೋ, ಇದ್ದದ್ದೂ ಹೋಯಿತೋ ತಿಳಿಯಲಿಲ್ಲ. ತನ್ನ ಎರಡೂ ಅಂಗೈ ನೋಡಿಕೊಂಡಳು. "ಬೂಬಮ್ಮಾ, ಇದು ಅಂಟ್ತೈತೇನ?" ಎಂದು ಕೇಳಿದಳು. ಕೇಳಿದ ಮೇಲೆ ನಾಚಿಕೆಯಾಯಿತು.

"ನನ್ನ ಕೈ ನೋಡು. ಅಂಟೂದಿದ್ರ ಮೊದ್ಲು ನನಗ ಅಂಟಬೇಕಿತ್ತು. ನಿನ್ನ ಗಂಡ ಈಕಿ ಹಾಲು ಕುಡ್ದು ಬೆಳ್ದಾನ. ಅವನ ಮೈಮ್ಯಾಲ ಒಂದು ಚುಕ್ಕಿ ಐತೇನ?"

"ಇಲ್ಲ."

"ಮತ್ತ? ನೀರು ಹೊಯ್ಯಿ. ಹೇಳ್ತೀನಿ."

*

ಮೊದಲ ಮಚ್ಚೆ ಕಂಡದ್ದು ಸಿರುಗುಪ್ಪದ ತವರಿನಲ್ಲಿ, ಗಾದಿಲಿಂಗಪ್ಪನ ಬಾಣಂತನದ ಹೊತ್ತಿಗೆ. ಮೊಳಕೈ ಮೇಲೆ ಹುಣಸೆಬೀಜದಷ್ಟು ಇತ್ತು. ದೊಡ್ಡಬಸಪ್ಪ ಯಾರಿಗೂ ಹೇಳಲಿಲ್ಲ. ಬಟ್ಟೆ ತರುವ ನೆಪ ಮಾಡಿ ಹೆಂಡತಿಯನ್ನು ಗಾಡಿಯಲ್ಲಿ ಬಳ್ಳಾರಿಗೆ ಕರೆದೊಯ್ದು, ಕೋಟೆಗುಡ್ಡದ ಬುಡದಲ್ಲಿದ್ದ ರಾಜೇಸಾಬನ ಅಂಗಡಿಯ ಮುಂದೆ ಇಳಿಸಿದ.

ರಾಜೇಸಾಬ ಮಚ್ಚೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಪಾಪ ಅಲ್ಲ, ಶಾಪ ಅಲ್ಲ. ಚರ್ಮ ತನ್ನ ಬಣ್ಣ ಮರ್ತೈತಿ, ಅಷ್ಟ. ನೆನಪು ಮಾಡ್ಕೊಡಬೇಕು" ಎಂದ. ಬಾವಂಚಿ ಬೀಜವನ್ನು ಗೋಮೂತ್ರದಲ್ಲಿ ನೆನೆಹಾಕಿ ಅರೆದು, ಮಚ್ಚೆಗೆ ಹಚ್ಚಿ, ಎಳೆಬಿಸಿಲಿಗೆ ಕೂಡಿಸಿದ. ಮಾಳಿಗೆಯ ಗೋಡೆಯ ನೆರಳು ಒಂದು ಗೇಣು ಸರಿಯುವವರೆಗೆ ಮಾತ್ರ ಕೂರಬೇಕು. ಹೆಚ್ಚಾದರೆ ಸುಡುತ್ತದೆ. ಆಗ ಹೊಸ ಮದುವಣಗಿತ್ತಿಯಾಗಿದ್ದ ಕುಬ್ರಾಬಿಗೆ ನೆರಳು ಕಾಯುವ ಕೆಲಸ. ಇಬ್ಬರೂ ಮಾತಿನಲ್ಲಿ ಮುಳುಗಿ ನೆರಳು ಎರಡು ಗೇಣು ಸರಿದು, ಸತ್ಯಮ್ಮನ ಮೊಳಕೈ ಮೇಲೆ ದ್ರಾಕ್ಷಿಯಂಥ ಬೊಬ್ಬೆ ಎದ್ದದ್ದೂ ಉಂಟು. ರಾಜೇಸಾಬ ಇಬ್ಬರನ್ನೂ ಬೈದ. ಬೊಬ್ಬೆ ಒಣಗಿ ಉದುರಿದ ಮೇಲೆ ಬಿಳುಪಿನ ನಡುವೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಮೂಡಿದವು. ಅವು ಒಂದಕ್ಕೊಂದು ಕೂಡಿ ವರ್ಷದೊಳಗೆ ಮಚ್ಚೆ ಮುಚ್ಚಿತು. ಸತ್ಯಮ್ಮ ಆ ದಿನ ಅಂಗಡಿಯ ಹೊಸ್ತಿಲಿಗೆ ಕಾಯಿ ಒಡೆದಳು.

ಕಾಯಿ ಒಡೆದದ್ದು ಸ್ವಲ್ಪ ಅವಸರವಾಯಿತು. ಮುಂದಿನ ವರ್ಷ ಬೆನ್ನಿನ ಮೇಲೆ, ಮೊಳಕಾಲಿನ ಕೆಳಗೆ, ಕೈಬೆರಳಿನ ಸಂದಿಯಲ್ಲಿ ಕಾಣಿಸಿಕೊಂಡಿತು. "ಔಷಧಿ ಐತಿ, ಖಾತ್ರಿ ಇಲ್ಲವ್ವಾ," ಎಂದ ರಾಜೇಸಾಬ. "ಒಂದು ಕಡಿ ನೆನಪಾದ್ರ ಇನ್ನೊಂದು ಕಡಿ ಮರೀತೈತಿ. ಖಾತ್ರಿ ಕೊಡ್ತೀನಂದೋರ ಹತ್ರ ಹೋಗಬ್ಯಾಡ." ಕೈತುಂಬ ಬೊಬ್ಬೆ ಎಬ್ಬಿಸಿಕೊಂಡು ಕುರುಗೋಡಿನಲ್ಲಿ ತಿರುಗುವುದಾದರೂ ಹೇಗೆ? ಸಿರುಗುಪ್ಪಕ್ಕೆ ಹೋಗಿ ಹಚ್ಚೆ ಹಾಕುವ ಎರ್ರಮ್ಮನ ಮುಂದೆ ಕೈ ಚಾಚಿದಳು.

ಎರ್ರಮ್ಮ ತೆಲುಗಿನವಳು. ಬಿಳುಪಿನ ಮೇಲೆ ಸೂಜಿ ಇಳಿಸಿದ ಕೂಡಲೇ ಸತ್ಯಮ್ಮ ಹೋ ಎಂದು ಅತ್ತಳು. ಎರ್ರಮ್ಮ ನಕ್ಕುಬಿಟ್ಟಳು. "ಅಳು, ಅಳು. ನೋವಾತಲ್ಲ, ಹಂಗಾದ್ರ ಇದು ದೊಡ್ಡ ರೋಗ ಅಲ್ಲ. ದೊಡ್ಡ ರೋಗದ ಮಚ್ಚಿಗೆ ಸೂಜಿ ಚುಚ್ಚಿದ್ರ ಅವ್ರಿಗೆ ಗೊತ್ತಾಗಂಗಿಲ್ಲ. ಇದು ಬರೇ ಬೊಲ್ಲಿ. ಬೊಲ್ಲಿಯಿಂದ ಯಾರೂ ಸಾಯಂಗಿಲ್ಲ." ತೊನ್ನಿಗೆ ತೆಲುಗಿನಲ್ಲಿರುವ ಆ ಹೆಸರು ಸತ್ಯಮ್ಮನಿಗೆ ಹಿಡಿಸಿತು. ಕುಷ್ಠವಿರಬಹುದೆಂದು ಎರಡು ವರ್ಷ ಹೆದರಿ ಸತ್ತವಳು ಆ ಸೂಜಿಯ ನೋವಿಗೆ ಬದುಕಿಕೊಂಡಳು. ನೋವು ತಡೆದು ಎರಡೂ ಕೈಗೆ ಹಚ್ಚೆ ಹಾಕಿಸಿಕೊಂಡು ಊರಿಗೆ ಬಂದಳು. ಊರು ಹಚ್ಚೆ ಸತ್ಯಮ್ಮ ಎಂದು ಹೆಸರಿಟ್ಟಿತು. ಎಷ್ಟು ಶೋಕಿ ನೋಡು ಎಂದೂ ಆಡಿಕೊಂಡಿತು.

ಹಚ್ಚೆ ಹಾಕಿದ ಜಾಗದಲ್ಲಿ ನಿಂತಿತು, ತೊನ್ನು ಮುಂದೆ ನಡೆಯಿತು. ಆಗ ರಾಜೇಸಾಬ ಕಾವಿ, ಅಳಲೆಕಾಯಿಯ ಚೊಗರು, ಹಣತೆಯ ಮಸಿ ಕೂಡಿಸಿ, ಔಡಲೆಣ್ಣೆಯಲ್ಲಿ ಕಲಸುವ ಒಂದು ಪುಡಿ ಮಾಡಿದ. ಅವಳ ಮೈಬಣ್ಣಕ್ಕೆ ಹೊಂದಲು ಏಳು ಸಲ ಬೆರೆಸಿ ಏಳು ಸಲ ಚೆಲ್ಲಿದ. ಅಂಗಡಿಯಲ್ಲಿ ಆ ಪೊಟ್ಟಣದ ಹೆಸರು ಕುರುಗೋಡಿನ ಬಣ್ಣ. ಅದು ಯಾರಿಗೆ ಎಂದು ಅಂಗಡಿಯ ಗಂಡಹೆಂಡಿರಿಬ್ಬರಿಗೆ ಬಿಟ್ಟು ಮತ್ತಾರಿಗೂ ತಿಳಿದಿರಲಿಲ್ಲ. ಕೈಕಾಲಿಗೆ ಸತ್ಯಮ್ಮ ತಾನೇ ಹಚ್ಚಿಕೊಳ್ಳುತ್ತಿದ್ದಳು. ಬೆನ್ನಿಗೆ ಬಾವಂಚಿ ಹಚ್ಚಿ ಬಿಸಿಲಿಗೆ ಕೂಡಿಸುವುದು ಗಂಡನ ಕೆಲಸವಾಗಿತ್ತು. ಅವನು ಹೋದ ಮೇಲೆ ಕುಬ್ರಾಬಿ ತಾನು ಹಚ್ಚುತ್ತೇನೆಂದಳು. ಸತ್ಯಮ್ಮ ಒಪ್ಪಲಿಲ್ಲ. "ಬೆನ್ನು ಹೋಗ್ಲಿ ಬಿಡು ಕುಬ್ರಾ. ಅದನ್ನ ನೋಡೋರು ಒಬ್ರ ಇದ್ರು," ಎಂದಳು.

*

"ಮಗನಿಗ್ಯಾಕ ಹೇಳ್ಲಿಲ್ಲ?" ಎಂದಳು ಕೊಟ್ರಮ್ಮ.

"ಈ ಸಲ ಹೇಳ್ತೀನಂತ ಹೋದ ಅಮಾಸಿಗೆ ಅಂದಿದ್ಲು. ಅಷ್ಟ್ರಾಗ ಅದ್ಯಾರನ್ನೋ ಕುಣಿಯಿಂದ ತೆಗದ್ರಂತಲ್ಲ. ಕೊಳಗಲ್ಲಿನ್ಯಾಗ ಕೇಳ್ದೆ."

ಕುಬ್ರಾಬಿ ಗಂಟು ಬಿಚ್ಚಿ ಕುರುಗೋಡಿನ ಬಣ್ಣದ ಪೊಟ್ಟಣ ತೆಗೆದಳು, ಬಟ್ಟಲಿಗೆ ಔಡಲೆಣ್ಣೆ ಸುರಿದು ಕಲಸಿದಳು. ಮೊದಲು ತೋಳು, ಆಮೇಲೆ ಕುತ್ತಿಗೆ, ಮೀನಖಂಡ, ಪಾದ. ಹಚ್ಚೆಯ ಗೆರೆಗೆ ತಾಗದ ಹಾಗೆ ಬೆರಳ ತುದಿಯಿಂದ ಅಂಚು ಒತ್ತಬೇಕು. ಕೊಟ್ರಮ್ಮನ ಬೆರಳು ಮೊದಲು ಎರಡು ಸಲ ಗೆರೆ ದಾಟಿತು, ಆಮೇಲೆ ಕುದುರಿತು.

"ಒಣಗಾಕ ಒಂದು ತಾಸು ಬೇಕು," ಎಂದಳು ಕುಬ್ರಾಬಿ. "ಜೀವ ಇದ್ದ ಮೈ ಆದ್ರ ಬಿಸಿಗೆ ಲಗೂನ ಹಿಡೀತಿತ್ತು. ಇದು ತಣ್ಣಗಾಗೇತಿ. ಒಣಗೋ ಮಟ ಯಾರೂ ಮುಟ್ಟಬಾರ್ದು."

ಅಂಗಳದಿಂದ ತಿಪ್ಪೇರುದ್ರಪ್ಪನ ದನಿ ಬಂತು. "ಎಷ್ಟು ಹೊತ್ತವ್ವಾ ಇನ್ನ? ಅಯ್ಯನವ್ರು ಬಂದು ಕುಂತಾರ. ಬಿಸ್ಲು ಏರಾಕ ಹತ್ತೈತಿ."

"ಬಂದ್ವಿರಿ," ಎಂದಳು ಕೊಟ್ರಮ್ಮ.

ಬಟ್ಟಲಿನಲ್ಲಿ ಇನ್ನೂ ಒಂದು ಹಿಡಿಯಷ್ಟು ಬಣ್ಣ ಉಳಿದಿತ್ತು. ಅದನ್ನು ಅಂಗೈಗೆ ತೆಗೆದುಕೊಂಡು ಕೊಟ್ರಮ್ಮ ಅತ್ತೆಯ ಬೆನ್ನಿಗೆ ಕೈ ಹಾಕಿದಳು.

"ಅಲ್ಲಿಗೆ ಬ್ಯಾಡ ತಂಗಿ. ಸೀರಿ ಮುಚ್ಚತೈತಿ. ಹೊತ್ತಿಲ್ಲ."

"ಇರ್ಲಿ ಬೂಬಮ್ಮ. ಇಪ್ಪತ್ತು ವರ್ಷ ಮುಟ್ಟಾಕ ಬಿಡ್ಲಿಲ್ಲ ಈಕಿ."

ಹೆಗಲಿನಿಂದ ಸೊಂಟದವರೆಗೆ ಮೂರು ಸಲ ಕೈ ಆಡಿಸಿದಳು. ಬಣ್ಣ ಅರ್ಧ ಬೆನ್ನಿಗೂ ಸಾಲಲಿಲ್ಲ. ಆಗ ಮಾತ್ರ ಅವಳಿಗೆ ಅಳು ಬಂತು. ಬೆಳಗಿನಿಂದ ಸೊಸೆಯಾಗಿ ಅಳಬೇಕಾದಷ್ಟು ಅತ್ತಿದ್ದಳು. ಇದು ಆ ಅಳುವಲ್ಲ. ದುಃಖಕ್ಕೆ ಸಿಟ್ಟೂ ಬೆರೆತಿತ್ತು. ಒಂದು ಮಾತು ಹೇಳಿದ್ದರೆ ತಾನು ದಿನಾ ಹಚ್ಚುತ್ತಿದ್ದೆನಲ್ಲ ಎನಿಸಿತು. ಹಚ್ಚುತ್ತಿದ್ದೆನೇ ಎಂದೂ ಅನಿಸಿತು.

ಇಳಕಲ್ಲ ಸೀರೆ ಉಡಿಸಿ, ಸೆರಗನ್ನು ಮಣಿಕಟ್ಟಿನವರೆಗೆ ಎಳೆದು, ಕಂಬಳಿ ತೆಗೆದರು. ಗಂಗಕ್ಕ ಮೂಗೆಳೆದಳು. "ಬೂಬಮ್ಮನ್ನ ಒಳಗ ಬಿಟ್ಕೊಂಡಿ, ನನ್ನ ಹೊರಗ ನಿಲ್ಸಿದಿ. ಇರ್ಲವ್ವಾ ಇರ್ಲಿ." ಆ ಅಸಮಾಧಾನದಲ್ಲಿ ಅವಳು ಹೆಣದ ಕಡೆ ಸರಿಯಾಗಿ ನೋಡಲೇ ಇಲ್ಲ.

*

ಅರ್ಧ ತಾಸೂ ಕಳೆದಿರಲಿಲ್ಲ, ವಿಮಾನ ಎದ್ದಿತು. ಹಳ್ಳದ ದಂಡೆಯಲ್ಲಿ ಮಾರೆಮ್ಮನ ಕುಣಿ ಬಾಯಿ ತೆರೆದುಕೊಂಡೇ ಇತ್ತು. ಹೊತ್ತವರು ಅದರ ಬಳಿ ಬಂದಾಗ ಭಜನೆಯ ದನಿ ಏರಿಸಿದರು. ಕೊಟ್ರಮ್ಮ ತಲೆಯ ಮೇಲೆ ವಿಭೂತಿಯ ಬುಟ್ಟಿ ಹೊತ್ತು ನಡೆದಳು. ಬಹಳ ಹಿಂದೆ, ಯಾರೂ ಕರೆಯದಿದ್ದರೂ, ಕುಬ್ರಾಬಿ ಬರುತ್ತಿದ್ದಳು. ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ನಾಲ್ಕು ಕಲ್ಲಿನ ನಡುವೆ ಕುಣಿ ತೋಡಿ, ಕೂಡಿಸಲು ಪಕ್ಕದಲ್ಲಿ ಗೂಡು ಕೊರೆದಿದ್ದರು. ಗಾದಿಲಿಂಗಪ್ಪ ಕೆಳಗಿಳಿದು ತಾಯಿಯನ್ನು ತಬ್ಬಿ ಇಳಿಸಿಕೊಂಡು ಗೂಡಿನಲ್ಲಿ ಕೂಡಿಸಿದ. ಮೇಲಿನಿಂದ ಅಯ್ಯನವರು ಹೇಳಿದಂತೆ ಅವಳ ಕೊರಳ ಲಿಂಗವನ್ನು ಬಿಚ್ಚಿ, ಎಡಗೈಯನ್ನು ಹಿಡಿದೆತ್ತಿ, ಅಂಗೈಯಲ್ಲಿ ಲಿಂಗವಿಟ್ಟು, ಬೆರಳು ಮಡಚಿದ. ಕೈ ಬಿಡಲು ಹೋದವನು ಹಾಗೆಯೇ ನಿಂತ.

ಕುಣಿಯ ಅಂಚಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಕೊಟ್ರಮ್ಮನಿಗೆ ಎಲ್ಲವೂ ಕಾಣುತ್ತಿತ್ತು. ಗಂಡ ತನ್ನ ಅಂಗೈ ನೋಡಿಕೊಂಡ. ಅದು ಕಂದಾಗಿತ್ತು. ತಾಯಿಯ ಮುಂಗೈ ಮೇಲೆ ಹೆಬ್ಬೆರಳಿನಿಂದ ಒಮ್ಮೆ ಒರೆಸಿದ. ಒರೆಸಿದ ಕಡೆ ಬೆಳ್ಳಗೆ ಕಂಡಿತು. ಸೆರಗು ಒಂದು ಗೇಣು ಮೇಲೆ ಸರಿಸಿ ನೋಡಿ, ಮತ್ತೆ ಇಳಿಸಿದ. ಆಮೇಲೆ ತಲೆಯೆತ್ತಿ ಹೆಂಡತಿಯ ಮುಖ ನೋಡಿದ.

ಕೊಟ್ರಮ್ಮ ಕಣ್ಣು ತಗ್ಗಿಸಲಿಲ್ಲ. ಅವಳ ಉಗುರ ಸಂದಿಯಲ್ಲಿಯೂ ಅದೇ ಬಣ್ಣವಿತ್ತು.

"ಏನಾತಪ್ಪಾ?" ಎಂದು ತಿಪ್ಪೇರುದ್ರಪ್ಪ ಬಗ್ಗಿದ.

ಗಾದಿಲಿಂಗಪ್ಪ ಮುಷ್ಟಿ ಬಿಗಿದ.

"ಏನೂ ಇಲ್ರಿ. ವಿಭೂತಿ ಕೊಡ್ರಿ."

ಕೊಟ್ರಮ್ಮ ಬುಟ್ಟಿಯನ್ನೇ ಇಳಿಸಿದಳು. ಅವನು ಬೊಗಸೆ ತುಂಬ ವಿಭೂತಿ ತೆಗೆದು ತಾಯಿಯ ಕೈಗೆ ಹಚ್ಚಿದ. ಮಣಿಕಟ್ಟಿನಿಂದ ಮೊಳಕೈವರೆಗೆ, ಇನ್ನೊಂದು ಕೈಗೆ, ಮುಖಕ್ಕೆ, ಕುತ್ತಿಗೆಗೆ, ಪಾದಕ್ಕೆ ಹಚ್ಚಿದ.

"ಅಷ್ಟ್ಯಾಕಪ್ಪಾ? ಹಣಿಗೆ, ತೋಳಿಗೆ ಮುಟ್ಟಿಸಿದ್ರ ಸಾಕು."

"ನಮ್ಮವ್ವರಿ ಈಕಿ. ಇರ್ಲಿ."

ಬುಟ್ಟಿ ಖಾಲಿಯಾಯಿತು. ಹಚ್ಚೆಯ ಬಳ್ಳಿ, ಚೇಳು, ನವಿಲು ಯಾವುದೂ ಕಾಣುತ್ತಿರಲಿಲ್ಲ. ಸುತ್ತ ನಿಂತ ಇಡೀ ಊರಿನ ಎದುರಿಗೆ ಸತ್ಯಮ್ಮ ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಕೂತಿದ್ದಳು. ಎಲ್ಲರೂ ಕೈ ಮುಗಿದರು. ಪತ್ರೆ ಏರಿಸಿ, ಉಪ್ಪು ಸುರಿದು, ಮಣ್ಣು ಎಳೆದರು.

ಹಳ್ಳದಲ್ಲಿ ಉಳಿದಿದ್ದ ಮಡುವಿನಲ್ಲಿ ಮಿಂದು ಮನೆಗೆ ಹೋಗಲು ಜನ ಆ ಕಡೆ ತಿರುಗಿದರು. ನಡೆಯುತ್ತ ನಡೆಯುತ್ತ ಕೊಟ್ರಮ್ಮನಿಗೆ ಗಂಡನ ಹೆಜ್ಜೆಯ ಸದ್ದು ಕೇಳಿಸಲಿಲ್ಲ. ತಿರುಗಿ ನೋಡಿದಳು. ಗಾದಿಲಿಂಗಪ್ಪ ಹೆಗಲ ಮೇಲೆ ಸಲಿಕೆ ಹೊತ್ತು ಮಾರೆಮ್ಮನ ಕುಣಿಯ ಅಂಚಿನಲ್ಲಿ ನಿಂತಿದ್ದ. ಅಂಚಿನಲ್ಲಿದ್ದ ಒಂದು ಹೆಂಟೆಯನ್ನು ಕಾಲಿನಿಂದ ಒಳಗೆ ತಳ್ಳಿದ.

"ಲೇ ಗಾದಿಲಿಂಗಾ," ಎಂದು ಮುಂದಿನಿಂದ ತಿಪ್ಪೇರುದ್ರಪ್ಪ ಕೂಗಿದ. "ಅದು ಮಳಿಗೆ ಬಿಟ್ಟಿದ್ದು. ಮುಚ್ಚಬ್ಯಾಡ!"

ಗಾದಿಲಿಂಗಪ್ಪ ಇನ್ನೊಂದು ಹೆಂಟೆಯನ್ನು ತಳ್ಳಿದ. ಅದು ತಳಕ್ಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಅವನು ಹೆಗಲ ಮೇಲಿನ ಸಲಿಕೆಯನ್ನು ಇಳಿಸಿದ.